ಎಚ್‌ಒ ರೈಲಿನ ಪಕ್ಕ 1:72ರ ಟ್ಯಾಂಕ್ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ಮನೆ ಉಡುಪಿಯಲ್ಲಿ. ಮಹಡಿಯ ಕೋಣೆಯಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಒ, ಅಂದರೆ ನಿಜವಾದ್ದರ 87ರಲ್ಲಿ ಒಂದು ಪಾಲು (1:87) ಅಳತೆಯ ಮಾದರಿ ರೈಲಿನ ಲೇಔಟ್ ಮಾಡಿದ್ದೇನೆ. ಕೊಂಕಣ ರೈಲ್ವೆಯ ಹಾಗೆ ಒಂದು ಸಣ್ಣ ಸ್ಟೇಶನ್, ಮುರಕಲ್ಲಿನ ಗುಡ್ಡ ಕಡಿದು ಹಾಕಿದ ಹಳಿ, ಸುರತ್ಕಲ್‌ನಲ್ಲಿ ಇರುವಂತೆ ಲಾರಿ ಹತ್ತಿಸುವ ಒಂದು ಸೈಡಿಂಗ್ (ಮುಖ್ಯ ಹಳಿಯ ಪಕ್ಕದ ಹಳಿ). ಮಗನಿಗೆ ಮಿಲಿಟರಿ ಕಿಟ್ ಜೋಡಿಸುವ ಹುಚ್ಚು. ರೆವೆಲ್‌ನ 1:72ರ ಟಿ-55 ಟ್ಯಾಂಕ್, ಏರ್‌ಫಿಕ್ಸ್‌ನ 1:76ರ ಶೆರ್ಮನ್ ಟ್ಯಾಂಕ್, ಅದೇ ಅಳತೆಯ ಬೆಡ್‌ಫರ್ಡ್ ಪೆಟ್ರೋಲ್ ಟ್ಯಾಂಕರ್ ಲಾರಿ, ಟಮಿಯಾದ 1:35ರ ಜೀಪು ಇವೆ. ಇವನ್ನು ಲೇಔಟಿನಲ್ಲಿ ಇಡಬಹುದಾ? ವ್ಯಾಗನ್ ಮೇಲೆ ಹೇರಿ ಓಡಿಸಬಹುದಾ? ಅಳತೆ ಬೇರೆ ಇದ್ದರೆ ಮುಟ್ಟಲೇಬೇಡಿ ಅಂತ ಗೆಳೆಯರೊಬ್ಬರು ಹೇಳುತ್ತಾರೆ.

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಶೆರ್ಮನ್ ಟ್ಯಾಂಕನ್ನು ವ್ಯಾಗನ್ ಮೇಲೆ ಹೇರಿ ಓಡಿಸಬಹುದು. ಟಿ-55 ವ್ಯಾಗನ್ ಮೇಲೆ ಬೇಡ, ಆದರೆ ಊರಿನ ಪಾರ್ಕಿನಲ್ಲಿ ಕಟ್ಟೆಯ ಮೇಲೆ ಸ್ಮಾರಕವಾಗಿ ಚೆನ್ನಾಗಿ ನಿಲ್ಲುತ್ತದೆ. ಬೆಡ್‌ಫರ್ಡ್ ಲಾರಿಗೆ ಸ್ವಲ್ಪ ಕೈಕೆಲಸ ಬೇಕು, ಆಮೇಲೆ ಇಡಬಹುದು. ಜೀಪು ಮಾತ್ರ ಖಂಡಿತ ಬೇಡ, ಅದನ್ನು ಶೋಕೇಸಿನಲ್ಲೇ ಇಡಿ.

ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅಳತೆ ಮುಖ್ಯ ಹೌದು. ಆದರೆ ಲೇಔಟ್ ನೋಡುವವರು ಯಾರೂ ಕೈಯಲ್ಲಿ ಸ್ಕೇಲ್ ಹಿಡಿದುಕೊಂಡು ಬರುವುದಿಲ್ಲ. ಅವರ ಕಣ್ಣು ಒಂದು ವಸ್ತುವನ್ನು ಅದರ ಪಕ್ಕದಲ್ಲಿ ಇರುವ ವಸ್ತುವಿನ ಜೊತೆ ಹೋಲಿಸಿ ಅಳೆಯುತ್ತದೆ. ಪಕ್ಕದಲ್ಲಿ ಮನುಷ್ಯ ಇದ್ದರೆ ಮನುಷ್ಯನಿಂದ, ಬಾಗಿಲು ಇದ್ದರೆ ಬಾಗಿಲಿನಿಂದ. ಹಾಗಾಗಿ ಪೆಟ್ಟಿಗೆಯ ಮೇಲೆ 1:72 ಅಂತ ಬರೆದಿದೆಯಾ 1:76 ಅಂತ ಬರೆದಿದೆಯಾ ಅನ್ನುವುದಕ್ಕಿಂತ, ಆ ವಾಹನವನ್ನು ಯಾವುದರ ಪಕ್ಕ ಇಡುತ್ತೀರಿ, ಅಲ್ಲಿ ಅದಕ್ಕೆ ಏನು ಕೆಲಸ ಅನ್ನುವುದು ದೊಡ್ಡ ಪ್ರಶ್ನೆ. ಈ ಎರಡಕ್ಕೆ ಉತ್ತರ ಇದ್ದರೆ ಸ್ವಲ್ಪ ಅಳತೆ ತಪ್ಪಿದರೂ ನಡೆಯುತ್ತದೆ. ಉತ್ತರ ಇಲ್ಲದಿದ್ದರೆ ಪಕ್ಕಾ 1:87ರ ಟ್ಯಾಂಕ್ ತಂದು ಇಟ್ಟರೂ ಅದು ಅಂಗಡಿಯಿಂದ ತಂದು ಸುಮ್ನೆ ಇಟ್ಟ ಹಾಗೆಯೇ ಕಾಣುತ್ತದೆ.

ಈ ಗೊಂದಲ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಮುಂದಿನದು ಸುಲಭ. ಎಚ್‌ಒ ಅಂದರೆ ಒಂದು ಅಡಿಗೆ 3.5 ಮಿ.ಮೀ., ಅಂದರೆ 1:87. ಬ್ರಿಟನ್ನಿನ ರೈಲುಗಳು ಯುರೋಪಿನವಕ್ಕಿಂತ ಸಣ್ಣವು, ಆ ಅಳತೆಯಲ್ಲಿ ಮಾಡಿದರೆ ಆಗಿನ ಕಾಲದ ಮೋಟಾರು ಎಂಜಿನ್ನಿನೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಅವರು ಹಳಿಯನ್ನು ಅದೇ 16.5 ಮಿ.ಮೀ. ಇಟ್ಟುಕೊಂಡು ರೈಲನ್ನು ಮಾತ್ರ ಅಡಿಗೆ 4 ಮಿ.ಮೀ.ಗೆ ಹಿಗ್ಗಿಸಿದರು. ಅದೇ ಒಒ, 1:76. ಏರ್‌ಫಿಕ್ಸ್ ಬ್ರಿಟಿಷ್ ಕಂಪನಿ, ಅದರ ಹಳೆಯ ಟ್ಯಾಂಕ್ ಕಿಟ್‌ಗಳೆಲ್ಲ 1:76. ಪೆಟ್ಟಿಗೆಯ ಮೇಲೆ ಮಾತ್ರ ಒಒ, ಎಚ್‌ಒ ಎರಡನ್ನೂ ಸೇರಿಸಿ ಬರೆಯುತ್ತಿದ್ದರು. ಎರಡೂ ಒಂದೇ ಅಂತ ಜನ ನಂಬಿದ್ದು ಹಾಗೆ. 1:72 ಬಂದದ್ದು ವಿಮಾನದ ಕಡೆಯಿಂದ: ಆರು ಅಡಿಗೆ ಒಂದು ಇಂಚು. 1:35 ಅಂತೂ ರೈಲಿಗೂ ವಿಮಾನಕ್ಕೂ ಸಂಬಂಧವೇ ಇಲ್ಲದ ಅಳತೆ, ಟಮಿಯಾದವರು 1960ರ ದಶಕದ ಆರಂಭದಲ್ಲಿ ತಮ್ಮ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕು ಅಂತ ಇಟ್ಟುಕೊಂಡದ್ದು ಅದು.

ಈಗ ಲೆಕ್ಕ. 1:72ರ ವಾಹನ ಎಚ್‌ಒಗಿಂತ ಸುಮಾರು ಶೇ 21ರಷ್ಟು ದೊಡ್ಡದು. 1:76ರದ್ದು ಶೇ 14ರಷ್ಟು ದೊಡ್ಡದು. ಕೇಳಲು ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಇದು ಉದ್ದ, ಅಗಲ, ಎತ್ತರ ಮೂರಕ್ಕೂ ಅನ್ವಯ. ಗಾತ್ರದ ಲೆಕ್ಕ ಹಾಕಿದರೆ 1:76ರದ್ದು ಒಂದೂವರೆ ಪಟ್ಟು ಆಗುತ್ತದೆ, 1:72ರದ್ದು ಒಂದೂಮುಕ್ಕಾಲು ಪಟ್ಟು. ಕಣ್ಣಿಗೆ ಹೊಡೆಯುವುದು ಈ ಗಾತ್ರವೇ. ಇನ್ನು ಆ ಜೀಪು: ನಿಜವಾದ ವಿಲ್ಲೀಸ್ ಜೀಪಿನ ಎತ್ತರ ಟಾಪು ಹಾಕಿದಾಗ ಸುಮಾರು 1.77 ಮೀಟರ್. 1:35ರಲ್ಲಿ ಅದು 50 ಮಿ.ಮೀ. ಆಗುತ್ತದೆ. ನಿಮ್ಮ ಎಚ್‌ಒ ಎಂಜಿನ್ನಿನ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ಅದಕ್ಕೇ ಬೇಡ ಅಂದದ್ದು.

ಗೆಳೆಯರಿಗೆ ಇನ್ನೊಂದು ವಿಷಯವನ್ನೂ ತಿಳಿಸಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ ಹಳಿಯ ಅಗಲ 19.3 ಮಿ.ಮೀ. ಬರಬೇಕು. ನೀವು ಹಾಕಿದ್ದು 16.5ರ ಹಳಿ, ಅಂಗಡಿಯಲ್ಲಿ ಸಿಗುವುದೇ ಅದು. ಆ ಹಳಿ ನಿಜಕ್ಕೂ ನಮ್ಮ ಬ್ರಾಡ್‌ಗೇಜ್ ಆಗಬೇಕಾದರೆ ಉಳಿದದ್ದೆಲ್ಲ ಸುಮಾರು 1:101 ಇರಬೇಕಾಗುತ್ತದೆ. ಅಂದರೆ ಭಾರತದ ರೈಲನ್ನು ಎಚ್‌ಒದಲ್ಲಿ ಮಾಡುವ ನಾವೆಲ್ಲರೂ ಮೊದಲ ದಿನವೇ ಒಂದು ರಾಜಿ ಮಾಡಿಕೊಂಡಿರುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಇದರಿಂದ ಒಂದು ಉಪಯೋಗವೂ ಇದೆ. ರಷ್ಯಾದ ಜ್ವೆಜ್ದಾ ಕಂಪನಿ 1:100ರಲ್ಲಿ ಸಣ್ಣ ಸಣ್ಣ ಟ್ಯಾಂಕ್ ಕಿಟ್‌ಗಳನ್ನು ಮಾಡುತ್ತದೆ, ಟಿ-34 ಮುಂತಾದವು, ಅಂಟು ಕೂಡ ಬೇಕಾಗಿಲ್ಲ. ಲೇಔಟಿನ ಹಿಂಬದಿಯಲ್ಲಿ, ಗೋಡೆಯ ಹತ್ತಿರ ಇಡಲು ಇವು ತುಂಬ ಒಳ್ಳೆಯದು. ದೂರದ್ದು ಸಣ್ಣದಾಗಿ ಕಾಣಬೇಕು ಅನ್ನುವುದನ್ನು ಕಣ್ಣು ಮೊದಲೇ ಒಪ್ಪಿಕೊಂಡಿರುತ್ತದೆ.

ಇದರಿಂದಲೇ ಇಡುವ ಕ್ರಮ ಬರುತ್ತದೆ. ದೊಡ್ಡ ಅಳತೆಯದ್ದು ನೋಡುವವರ ಹತ್ತಿರ, ಸಣ್ಣದ್ದು ದೂರ. 1:76 ಮುಂದಿನ ಅಂಚಿನಲ್ಲಿ, 1:87 ನಡುವೆ ರೈಲಿನ ಜೊತೆ, 1:100 ಹಿಂದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಎರಡು ಅಳತೆಯ ಒಂದೇ ಜಾತಿಯ ವಸ್ತುವನ್ನು ಪಕ್ಕಪಕ್ಕ ಇಡಬೇಡಿ, ಲಾರಿಯ ಪಕ್ಕ ಲಾರಿ, ಸೈನಿಕನ ಪಕ್ಕ ಪೋರ್ಟರ್ ಹೀಗೆ. ಕಿಟ್ ಜೊತೆ ಬರುವ 1:72ರ ಸೈನಿಕರನ್ನು ಪ್ಲಾಟ್‌ಫಾರ್ಮಿನ ಹತ್ತಿರ ಸುಳಿಯಲೂ ಬಿಡಬೇಡಿ. ಮನುಷ್ಯನ ಎತ್ತರ ಎಲ್ಲರಿಗೂ ಗೊತ್ತು, ಒಬ್ಬ ಆರಡಿಯವನು ಏಳೂಕಾಲು ಅಡಿ ಕಂಡರೆ ಸಣ್ಣ ಮಕ್ಕಳೂ ಕೇಳುತ್ತಾರೆ. ಆದರೆ ಕಿಟ್‌ನಲ್ಲಿ ಉಳಿಯುವ ಪೆಟ್ಟಿಗೆ, ಡ್ರಮ್ಮು, ಮರಳಿನ ಚೀಲ, ಟರ್ಪಾಲಿನ ಸುರುಳಿ ಇವಕ್ಕೆಲ್ಲ ನಿರ್ದಿಷ್ಟ ಅಳತೆ ಅಂತ ಇಲ್ಲ. ಅವನ್ನು ಗೂಡ್ಸ್ ಶೆಡ್ಡಿನಲ್ಲಿ ಧಾರಾಳವಾಗಿ ಬಳಸಿ. ಮಗನ ಹತ್ತಿರ ಬಿಡಿಭಾಗದ ಡಬ್ಬಿ ಇದ್ದೇ ಇರುತ್ತದೆ, ಅದರಲ್ಲಿ ರೈಲಿನವರಿಗೆ ಬೇಕಾದ್ದು ಎಷ್ಟೋ ಸಿಗುತ್ತದೆ.

ಈಗ ಶೆರ್ಮನ್. ನಿಜವಾದ ಶೆರ್ಮನ್ನಿನ ಅಗಲ 2.62 ಮೀಟರ್. 1:76ರಲ್ಲಿ ಅದು 34.5 ಮಿ.ಮೀ. ಎಚ್‌ಒ ಫ್ಲ್ಯಾಟ್ ವ್ಯಾಗನ್ನಿನ, ಅಂದರೆ ಬದಿಗೋಡೆ ಇಲ್ಲದ ವ್ಯಾಗನ್ನಿನ, ಅಗಲವೂ ಸುಮಾರು ಅಷ್ಟೇ, ನಿಮ್ಮದನ್ನು ಒಮ್ಮೆ ಅಳೆದು ನೋಡಿ. ಹಾಗಾಗಿ ಅಳತೆ ದೊಡ್ಡದಾದರೂ ಅದು ವ್ಯಾಗನ್ ಮೇಲೆ ಸರಿಯಾಗಿ ಕೂರುತ್ತದೆ. ಟಿ-55ರ ನಿಜವಾದ ಅಗಲ 3.27 ಮೀಟರ್. 1:72ರಲ್ಲಿ 45 ಮಿ.ಮೀ. ದಾಟುತ್ತದೆ. ವ್ಯಾಗನ್ನಿನ ಎರಡೂ ಕಡೆ ಐದೈದು ಮಿ.ಮೀ. ಹೊರಗೆ ಚಾಚುತ್ತದೆ, ಪ್ಲಾಟ್‌ಫಾರ್ಮಿನ ಅಂಚಿಗೆ, ಸಿಗ್ನಲ್ ಕಂಬಕ್ಕೆ ಬಡಿಯುತ್ತದೆ. ವ್ಯಾಗನ್ನಿಗಿಂತ ಟ್ಯಾಂಕ್ ಅಗಲ ಇರುವುದೇ ತಪ್ಪು ಅಂತಲ್ಲ. ನಮ್ಮ ಬ್ರಾಡ್‌ಗೇಜ್ ವಾಹನಗಳ ಅಗಲದ ಮಿತಿ 3250 ಮಿ.ಮೀ., ಟಿ-72ರ ಅಗಲ 3.59 ಮೀಟರ್. ಅಂಥವನ್ನು ಒ.ಡಿ.ಸಿ. ಅಂತ, ಅಂದರೆ ಮಿತಿ ಮೀರಿದ ಸರಕು ಅಂತ, ಬೇರೆಯೇ ನಿಯಮಗಳ ಪ್ರಕಾರ ಸಾಗಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಟೈಗರ್ ಟ್ಯಾಂಕನ್ನು ರೈಲಿಗೆ ಹತ್ತಿಸುವ ಮೊದಲು ಅದರ 725 ಮಿ.ಮೀ. ಅಗಲದ ಚೈನನ್ನು ಬಿಚ್ಚಿ 520 ಮಿ.ಮೀ.ಯದ್ದನ್ನು ಹಾಕುತ್ತಿದ್ದರು, ಇಳಿಸಿದ ಮೇಲೆ ಮತ್ತೆ ಬದಲಿಸುತ್ತಿದ್ದರು. ಟ್ಯಾಂಕ್ ಮತ್ತು ರೈಲಿನ ನಡುವೆ ಈ ಅಗಲದ ಜಗಳ ಮೊದಲಿನಿಂದಲೂ ಇದೆ. ಆದರೆ ನಿಮ್ಮ ಟಿ-55 ಎಚ್‌ಒ ಲೆಕ್ಕದಲ್ಲಿ ಸುಮಾರು 3.95 ಮೀಟರ್ ಅಗಲ ಆಗಿಬಿಡುತ್ತದೆ. ಅದು ಜಾಸ್ತಿ ಆಯಿತು.

ಇನ್ನು, ಕರಾವಳಿಯ ಸಣ್ಣ ಸ್ಟೇಶನ್ನಿನಲ್ಲಿ ಟ್ಯಾಂಕಿಗೆ ಏನು ಕೆಲಸ? ಈ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಬಂದೇ ಬರುತ್ತದೆ. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ನಮ್ಮ ಸೇನೆ ಶೆರ್ಮನ್ ಬಳಸಿದ್ದು 1965ರ ಯುದ್ಧದ ಕಾಲದಲ್ಲಿ. ಹಾಗಾಗಿ ಯುದ್ಧಕ್ಕೆ ಹೊರಟ ಶೆರ್ಮನ್ ನಿಮ್ಮ ಹಳಿಯ ಮೇಲೆ ಬರಲಾರದು. ನಾನು ಹೇಳುವುದು ಹೀಗೆ: ಅದು ನಿವೃತ್ತ ಟ್ಯಾಂಕ್, ಯಾವುದೋ ಊರಿನ ಕಟ್ಟೆಯ ಮೇಲೆ ಪ್ರದರ್ಶನಕ್ಕೆ ಹೋಗುತ್ತಿದೆ, ಗೂಡ್ಸ್ ರೈಲಿನ ಕೊನೆಯಲ್ಲಿ ಒಂದೇ ಒಂದು ವ್ಯಾಗನ್. ಮೈತುಂಬ ಟರ್ಪಾಲು ಹೊದಿಸಿ. ಒಂದೇ ಟ್ಯಾಂಕ್ ಅಂದಾಗ ಹೋಲಿಸಲು ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ, ಟರ್ಪಾಲು ಹೊದಿಸಿದಾಗ ಶೇ 14ರ ವ್ಯತ್ಯಾಸ ಅದರೊಳಗೆ ಅಡಗುತ್ತದೆ. ಚೈನಿನ ಕೆಳಗಿನ ಅರ್ಧ ಮತ್ತು ತೋಪಿನ ತುದಿ ಮಾತ್ರ ಹೊರಗೆ ಕಂಡರೆ ಸಾಕು, ಅದು ಏನು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಟರ್ಪಾಲಿಗೆ ಬಟ್ಟೆ ಬೇಡ, ನೇಯ್ಗೆಯ ಎಳೆ ದಪ್ಪ ಕಾಣುತ್ತದೆ. ಟಿಶ್ಯೂ ಪೇಪರನ್ನು ಒಂದು ಪದರ ಬಿಡಿಸಿ, ಟ್ಯಾಂಕಿನ ಮೇಲೆ ಹೊದಿಸಿ, ನೀರು ಬೆರೆಸಿದ ಬಿಳಿ ಅಂಟನ್ನು ಮೆತ್ತಗಿನ ಬ್ರಶ್ಶಿನಲ್ಲಿ ಹಚ್ಚಿ. ಒದ್ದೆಯಾದ ಕೂಡಲೇ ಅದು ತಾನಾಗಿ ಮಡಿಕೆ ಬೀಳುತ್ತದೆ. ಒಣಗಿದ ಮೇಲೆ ಬಣ್ಣ. ಹೊದಿಕೆಯನ್ನು ತೆಗೆದು ಹಾಕುವಂತೆ ಇರಬೇಕಾದರೆ ಮೊದಲು ಟ್ಯಾಂಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಕೊಳ್ಳಿ. ಟರ್ಪಾಲು ಗಾಳಿಗೆ ಹೇಗೆ ಉಬ್ಬುತ್ತದೆ, ಹಗ್ಗ ಕಟ್ಟಿದ ಕಡೆ ಹೇಗೆ ಸುಕ್ಕಾಗುತ್ತದೆ ಅಂತ ನೋಡಲು ನಮ್ಮ ಕಡೆ ದೂರ ಹೋಗಬೇಕಾಗಿಲ್ಲ, ಮಳೆಗಾಲದಲ್ಲಿ ಹೆದ್ದಾರಿಯ ಬದಿ ನಿಂತ ಯಾವ ಲಾರಿಯಾದರೂ ಸಾಕು. ಹಗ್ಗಕ್ಕೆ ಹೊಲಿಗೆ ದಾರ ಬಳಸಿ, ಆದರೆ ಮೊದಲು ಮೇಣದ ತುಂಡಿನ ಮೇಲೆ ಎಳೆಯಿರಿ. ಇಲ್ಲದಿದ್ದರೆ ದಾರದ ಜುಂಗು ಹತ್ತಿರದಿಂದ ನೋಡಿದವರಿಗೆ ಕಂಡುಬಿಡುತ್ತದೆ.

ಹೇರುವ ರೀತಿಯಲ್ಲೂ ಗಮನ ಬೇಕು. ಸುರತ್ಕಲ್‌ನಲ್ಲಿ ರೋರೋ ಲಾರಿಗಳನ್ನು, ಅಂದರೆ ಸರಕಿನ ಸಮೇತ ವ್ಯಾಗನ್ ಹತ್ತಿ ರೈಲಿನಲ್ಲಿ ಹೋಗುವ ಲಾರಿಗಳನ್ನು, ನೀವು ನೋಡಿಯೇ ಇರುತ್ತೀರಿ. ಕೊಂಕಣ ರೈಲ್ವೆ 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಈ ಸೇವೆ ಶುರು ಮಾಡಿತು, ಆಮೇಲೆ ಸುರತ್ಕಲ್‌ವರೆಗೆ ಬಂತು. ಲಾರಿಗಳು ಸಾಲಿನ ತುದಿಯ ಇಳಿಜಾರಿನಿಂದ ಹತ್ತಿ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟಿಕೊಂಡು ಮುಂದೆ ಹೋಗಿ ನಿಲ್ಲುತ್ತವೆ. ಹಾಗಾಗಿ ಎಲ್ಲದರ ಮುಖ ಒಂದೇ ಕಡೆ. ಟ್ಯಾಂಕ್ ಹತ್ತಿಸುವುದೂ ತುದಿಯ ಇಳಿಜಾರಿನಿಂದಲೇ. ನಿಮ್ಮ ಸೈಡಿಂಗಿನಲ್ಲಿ ಆ ಇಳಿಜಾರು ಆಗಲೇ ಇದೆ ಅಂದರೆ ಟ್ಯಾಂಕಿಗೆ ಬೇರೆ ವ್ಯವಸ್ಥೆ ಬೇಡ. ಇಲ್ಲದಿದ್ದರೆ ಹಳಿ ಮುಗಿಯುವ, ಬಫರ್ ಇರುವ ತುದಿಯಲ್ಲಿ ಕಟ್ಟಿ, ಎತ್ತರ ನಿಮ್ಮ ವ್ಯಾಗನ್ನಿನ ನೆಲಕ್ಕೆ ಸರಿಯಾಗಿ, ಎಚ್‌ಒದಲ್ಲಿ ಅದು 14-15 ಮಿ.ಮೀ. ಬರುತ್ತದೆ. ಮುರಕಲ್ಲಿನ ಗೋಡೆ, ಮೇಲೆ ಕಾಂಕ್ರೀಟು. ಈ ಒಂದು ಇಳಿಜಾರು ಕಂಡರೆ ಸಾಕು, ಆ ವಾಹನ ವ್ಯಾಗನ್ ಮೇಲೆ ಹೇಗೆ ಬಂತು ಅಂತ ಯಾರಿಗೂ ಸಂಶಯ ಬರುವುದಿಲ್ಲ. ತುಂಬ ಲೇಔಟುಗಳಲ್ಲಿ ಕ್ರೇನು ಇಲ್ಲ, ಇಳಿಜಾರೂ ಇಲ್ಲ, ವ್ಯಾಗನ್ ಮೇಲೆ ಟ್ಯಾಂಕ್ ಮಾತ್ರ ಇರುತ್ತದೆ. ನನಗೆ ಅದು ಅಳತೆ ತಪ್ಪಿದ್ದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಹೇರಿದ ಮೇಲೆ ಬಿಗಿಯುವುದು. ಚೈನಿನ ಹಿಂದೆ ಮುಂದೆ ಮರದ ದಿಮ್ಮಿ ಅಡ್ಡ ಇಡಿ, ಬೆಂಕಿಕಡ್ಡಿಯನ್ನು ಓರೆಯಾಗಿ ಕತ್ತರಿಸಿದರೆ ಆಯಿತು. ನಾಲ್ಕು ಮೂಲೆಯಿಂದ ತಂತಿ ಹಗ್ಗ, ವ್ಯಾಗನ್ನಿನ ಅಂಚಿನ ಕೊಕ್ಕೆಗೆ. ತೋಪನ್ನು ಅಡ್ಡಡ್ಡ ಬಿಡಬೇಡಿ, ಉದ್ದಕ್ಕೆ ನೇರವಾಗಿ ಇರಲಿ.

ಈಗ ತೂಕದ ವಿಷಯ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಿಟ್ ಮಾಡುವವರಿಗೆ ಇದು ಹೊಸದು. ಕಿಟ್ ನಿಂತಲ್ಲೇ ನಿಲ್ಲುತ್ತದೆ, ರೈಲು ಓಡಬೇಕು. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒ ವ್ಯಾಗನ್ನಿಗೆ ಒಂದು ತೂಕ ಸೂಚಿಸುತ್ತದೆ: ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಆರು ಇಂಚಿನ ವ್ಯಾಗನ್ನಿಗೆ ನಾಲ್ಕು ಔನ್ಸ್, ಸುಮಾರು 113 ಗ್ರಾಂ. ಪ್ಲಾಸ್ಟಿಕ್ ಫ್ಲ್ಯಾಟ್ ವ್ಯಾಗನ್ ಸಾಮಾನ್ಯವಾಗಿ ಇದಕ್ಕಿಂತ ಹಗುರ, ಅದರಲ್ಲಿ ತೂಕ ಬಚ್ಚಿಡಲು ಜಾಗವೂ ಇಲ್ಲ. ಟ್ಯಾಂಕಿನ ಹೊಟ್ಟೆ ಖಾಲಿ ಇದೆಯಲ್ಲ, ತೂಕ ಅಲ್ಲಿ ಹಾಕಿ. ಆದರೆ ತಳದಲ್ಲಿ ಮಾತ್ರ. ಮೇಲಿನ ಗೋಪುರದಲ್ಲಿ ಹಾಕಿದರೆ ತಿರುವಿನಲ್ಲಿ ವ್ಯಾಗನ್ ಮಗುಚುತ್ತದೆ. ಮಲ್ಪೆಯಲ್ಲಿ, ಮಂಗಳೂರಿನ ಬಂದರಿನಲ್ಲಿ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಸಿಗುತ್ತದೆ, ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಆ ಸೀಸವನ್ನು ಫೆವಿಕಾಲ್ ತರಹದ ಬಿಳಿ ಅಂಟಿನಿಂದ ಅಂಟಿಸಬೇಡಿ. ಈ ಅಂಟಿನ ಜೊತೆ, ತೇವದ ಜೊತೆ ಸೇರಿ ಸೀಸ ನಿಧಾನವಾಗಿ ಬಿಳಿ ಪುಡಿಯಾಗುತ್ತ ಊದುತ್ತದೆ. ಕೆಲವು ವರ್ಷಗಳಲ್ಲಿ ಒಳಗಿನಿಂದ ಪ್ಲಾಸ್ಟಿಕ್ಕನ್ನೇ ಒಡೆದುಹಾಕುತ್ತದೆ. ನಮ್ಮ ಹವೆಯ ತೇವದಲ್ಲಿ ಹೇಳುವುದೇ ಬೇಡ. ಎಪಾಕ್ಸಿ ಬಳಸಿ, ಅರಾಲ್ಡೈಟ್ ತರಹದ್ದು, ಗುಂಡುಗಳು ಪೂರ್ತಿ ಮುಳುಗುವಂತೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಗನಿಗೂ ಹೇಳಿ. ಅವನು ಚಿಕ್ಕವನಾದರೆ ಸೀಸದ ಬದಲು ಕಬ್ಬಿಣದ ನಟ್ಟು ಹಾಕಿ.

ಟ್ಯಾಂಕನ್ನು ವ್ಯಾಗನ್ನಿಗೆ ಅಂಟಿಸಿಬಿಡಬೇಡಿ. ತಳದಲ್ಲಿ ಎರಡು ಸಣ್ಣ ಪಿನ್ನು, ವ್ಯಾಗನ್ನಿನ ನೆಲದಲ್ಲಿ ಎರಡು ತೂತು, ಅಥವಾ ಎರಡು ಕಡೆಯೂ ಸಣ್ಣ ಆಯಸ್ಕಾಂತ. ಆಗ ಇಳಿಜಾರಿನಲ್ಲಿ ಇಳಿಸಿ ಹತ್ತಿಸಿ ಆಡಬಹುದು, ವ್ಯಾಗನ್ ಬೇರೆ ಕೆಲಸಕ್ಕೂ ಸಿಗುತ್ತದೆ. ಮೊದಲ ಸಲ ಓಡಿಸುವ ಮುಂಚೆ ಟ್ಯಾಂಕಿನ ಎರಡೂ ಬದಿಗೆ ಪೆನ್ಸಿಲ್ ತುಂಡನ್ನು ಟೇಪಿನಿಂದ ಅಂಟಿಸಿ, ಮೊನೆ ಸ್ವಲ್ಪ ಹೊರಗೆ ಚಾಚಲಿ, ಕೈಯಿಂದ ನಿಧಾನವಾಗಿ ತಳ್ಳಿಕೊಂಡು ಹೋಗಿ. ಗೆರೆ ಬಿದ್ದಲ್ಲೆಲ್ಲ ಜಾಗ ಕಡಿಮೆ ಇದೆ ಅಂತ ಅರ್ಥ. ನಾಲ್ಕಡಿ ಅಗಲದ ಹಲಗೆ ಅಂದರೆ ನಿಮ್ಮ ತಿರುವುಗಳು ಬಿಗಿ ಇರುತ್ತವೆ, ಉದ್ದ ವ್ಯಾಗನ್ನಿನ ನಡುಭಾಗ ತಿರುವಿನ ಒಳಗಡೆಗೆ ಸರಿಯುತ್ತದೆ. ಸುರಂಗದ ಬಾಯಿ ತಿರುವಿನಲ್ಲೇ ಇದ್ದರೆ ಅಲ್ಲಿ ಮುಖ್ಯವಾಗಿ ನೋಡಿ. ಎತ್ತರದ ಚಿಂತೆ ಇಲ್ಲ, ವ್ಯಾಗನ್ ಸೇರಿಸಿ ಸುಮಾರು 51 ಮಿ.ಮೀ. ಆಗುತ್ತದೆ. ಕೊಂಕಣ ಮಾರ್ಗದ ವಿದ್ಯುದೀಕರಣ 2022ರಲ್ಲಿ ಮುಗಿಯಿತು, ಆ ನಂತರದ ಕಾಲ ತೋರಿಸಲು ನೀವು ತಂತಿ ಎಳೆದಿದ್ದರೂ ಅದು 60 ಮಿ.ಮೀ. ಮೇಲೆಯೇ ಇರುತ್ತದೆ.

ಟಿ-55 ವಿಷಯಕ್ಕೆ ಬರೋಣ. ಅದನ್ನು ಸ್ಮಾರಕವಾಗಿ ಇಡಿ ಅಂದೆ. ಅದು ಶೇ 21 ದೊಡ್ಡದು, ಆದರೂ ಯಾಕೆ ನಡೆಯುತ್ತದೆ ಅಂದರೆ, ನಿಜವಾದ ಟಿ-55 ಬಹಳ ಗಿಡ್ಡ ಟ್ಯಾಂಕ್, ಎತ್ತರ 2.4 ಮೀಟರ್ ಅಷ್ಟೇ. 1:72ರಲ್ಲಿ 33 ಮಿ.ಮೀ. ಎಚ್‌ಒ ಮನುಷ್ಯನ ಪಕ್ಕ ಅದು 2.9 ಮೀಟರ್ ಎತ್ತರದ ಟ್ಯಾಂಕಿನ ಹಾಗೆ ಕಾಣುತ್ತದೆ. ಟೈಗರ್ ಟ್ಯಾಂಕ್ 3 ಮೀಟರ್ ಇತ್ತು, ಶೆರ್ಮನ್ 2.74. ಅಂದರೆ ಟ್ಯಾಂಕುಗಳು ಅಷ್ಟು ಎತ್ತರ ಇರುತ್ತವೆ, ನೋಡುವವರಿಗೆ ಅಸಹಜ ಅನಿಸುವುದಿಲ್ಲ. ಜೀಪು, ಲಾರಿಯ ಗಾತ್ರ ದಿನಾ ನೋಡುವ ನಮಗೆ ಬಾಯಿಪಾಠ, ಟ್ಯಾಂಕಿನ ಗಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಕಟ್ಟೆಯ ಮೇಲೆ ಏರಿಸಿದಾಗ ಮನುಷ್ಯರಿಂದ ಇನ್ನೂ ಸ್ವಲ್ಪ ದೂರವಾಗುತ್ತದೆ. ಕಟ್ಟೆಗೆ ಸುತ್ತ ಸರಪಳಿ ಬೇಲಿ ಹಾಕಿ, ಜನರನ್ನು ಬೇಲಿಯ ಹೊರಗೆ ನಿಲ್ಲಿಸಿ. ಲೇಔಟಿನ ಮುಂದಿನ ಅಂಚಿನಲ್ಲಿ ಇಡಿ. ಚೈನಿನ ಕೆಳಗೆ ಸಿಮೆಂಟಿನ ದಿಣ್ಣೆ, ಮೇಲೆ ಹೊಸದಾಗಿ ಬಳಿದ ಹಸಿರು ಬಣ್ಣ, ಕೆಸರು ಧೂಳು ಇಲ್ಲ. ಸ್ಮಾರಕದ ಟ್ಯಾಂಕಿಗೆ ಯುದ್ಧದ ಕೊಳೆ ಹಚ್ಚಬಾರದು.

ಟಿ-55 ನಮ್ಮ ಸೇನೆಯಲ್ಲಿ 1971ರ ಯುದ್ಧದಲ್ಲಿ ಇತ್ತು, ನಿವೃತ್ತವಾದ ಮೇಲೆ ದೇಶದ ಎಷ್ಟೋ ಕಡೆ ಕಟ್ಟೆ ಏರಿದೆ. ಹಾಗಾಗಿ ಕಾಲದ ತೊಂದರೆಯೂ ಇಲ್ಲ. ಕಟ್ಟೆ ಹೇಗಿರುತ್ತದೆ ಅಂತ ನೋಡಬೇಕಾದರೆ ಮಡಿಕೇರಿಗೆ ಹೋಗಿ ಬನ್ನಿ, ಜನರಲ್ ತಿಮ್ಮಯ್ಯನವರ ಹುಟ್ಟಿದ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, ಆವರಣದಲ್ಲಿ ಯುದ್ಧ ಟ್ಯಾಂಕ್ ಇದೆ. ಇನ್ನೂ ಆಸಕ್ತಿ ಇದ್ದರೆ ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿ (ಹಿಂದಿನ ಅಹಮದ್‌ನಗರ) 1994ರಲ್ಲಿ ಶುರುವಾದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ, ಮಗನಿಗೆ ಹಬ್ಬ ಆಗುತ್ತದೆ. ಆದರೆ ಒಂದು ಮಾತು ಮಾರಾಯ್ರೆ, ಸ್ಟೇಶನ್ನಿನಲ್ಲಿ ಮಿಲಿಟರಿ ರೈಲು ನಿಂತಿದ್ದು ಕಂಡರೆ ಫೋಟೋ ತೆಗೆಯಲು ಹೋಗಬೇಡಿ, ಅಳತೆ ತೆಗೆಯಲಂತೂ ಬೇಡವೇ ಬೇಡ. ಮ್ಯೂಸಿಯಮ್ಮುಗಳಲ್ಲಿ, ಗಣರಾಜ್ಯೋತ್ಸವದ ಚಿತ್ರಗಳಲ್ಲಿ ನಮಗೆ ಬೇಕಾದ್ದೆಲ್ಲ ಸಿಗುತ್ತದೆ.

ಬೆಡ್‌ಫರ್ಡ್ ಲಾರಿ ನನಗೆ ಈ ನಾಲ್ಕರಲ್ಲಿ ತುಂಬ ಇಷ್ಟವಾದದ್ದು. ಮೊದಲ ಕಾರಣ, ಅದು ಬ್ರಿಟಿಷ್ ಲಾರಿ, ಸ್ಟೇರಿಂಗ್ ಬಲಗಡೆ. ಕಿಟ್ ಕೊಳ್ಳುವಾಗ ಇದನ್ನು ಗಮನಿಸಿ: ಅಮೆರಿಕದ ಜಿಎಂಸಿ, ಜರ್ಮನಿಯ ಓಪೆಲ್ ಎಲ್ಲ ಎಡಗಡೆ ಸ್ಟೇರಿಂಗಿನವು, ನಮ್ಮ ರಸ್ತೆಯ ಮೇಲೆ ಇಟ್ಟರೆ ಸರಿ ಕಾಣುವುದಿಲ್ಲ. ಎರಡನೆಯದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಲಾರಿಗಳು ಹರಾಜಿನಲ್ಲಿ ಖಾಸಗಿಯವರ ಕೈಗೆ ಬಂದವು. ಪಶ್ಚಿಮ ಘಟ್ಟದ ಕಾಡಿನಲ್ಲಿ ದಿಮ್ಮಿ ಎಳೆಯಲು ಅಂಥ ನಾಲ್ಕೂ ಚಕ್ರ ಎಳೆಯುವ ಲಾರಿಗಳು ದಶಕಗಟ್ಟಲೆ ದುಡಿದವು, ಕೇರಳದ ಕಡೆ ಅಂತೂ ಬಹಳ. ಹಾಗಾಗಿ ಮಿಲಿಟರಿ ಲಾರಿಯನ್ನು ನಮ್ಮ ಕಡೆಯ ಲೇಔಟಿಗೆ ತರಲು ಯುದ್ಧ ಬೇಕಾಗಿಲ್ಲ. ಹಿಂದಿನ ಪೆಟ್ರೋಲ್ ಟ್ಯಾಂಕನ್ನು ತೆಗೆದು ಮರದ ತೊಟ್ಟಿಲು ಕಟ್ಟಿ ದಿಮ್ಮಿ ಹೇರಿ, ಸೈಡಿಂಗಿನ ಮೂಲೆಯಲ್ಲಿ ನಿಲ್ಲಿಸಿ.

ಅಳತೆಯ ಬಗ್ಗೆ ಇಲ್ಲೊಂದು ಅನುಕೂಲ ಇದೆ. ಆ ಕಾಲದ ಬೆಡ್‌ಫರ್ಡ್ ಕ್ಯೂಎಲ್ ಸುಮಾರು 2.3 ಮೀಟರ್ ಅಗಲದ ಲಾರಿ. 1:76ರಲ್ಲಿ ಮಾಡಿ ಎಚ್‌ಒದಲ್ಲಿ ಇಟ್ಟರೆ ಅದು 2.6 ಮೀಟರ್ ಅಗಲದ ಹಾಗೆ ಕಾಣುತ್ತದೆ. ಇವತ್ತಿನ ನಮ್ಮ ಲಾರಿಗಳ ಅಗಲದ ಮಿತಿ ಅಷ್ಟೇ. ಅಂದರೆ ಒಟ್ಟು ಗಾತ್ರದಲ್ಲಿ ಅದು ಈಗಿನ ಲಾರಿಗೆ ಸರಿಯಾಗುತ್ತದೆ. ಗುಟ್ಟು ಬಿಟ್ಟುಕೊಡುವುದು ಬಾಗಿಲು, ಹಿಡಿ, ಮೆಟ್ಟಿಲು, ಸ್ಟೇರಿಂಗು. ಬಾಗಿಲಿನ ಹಿಡಿಯನ್ನು ಚೂರಿಯಿಂದ ಕೆತ್ತಿ ತೆಗೆದು ಸಣ್ಣ ತಂತಿ ಅಂಟಿಸಿ. ಮೆಟ್ಟಿಲಿನ ಜಾಗದಲ್ಲಿ ಒಂದರ ಬದಲು ಎರಡು ತೆಳು ಪಟ್ಟಿ ಹಾಕಿ. ಕಿಟಕಿಗೆ ಕೆಳಗಿನಿಂದ ಅಡ್ಡ ಹಲಗೆ ಹಾಕಿ ಸ್ವಲ್ಪ ಸಣ್ಣದು ಮಾಡಿ, ಹಳೇ ಲಾರಿಗಳಲ್ಲಿ ಇಂಥ ರಿಪೇರಿ ಸಹಜವೇ. ಗಾಜಿಗೆ ಧೂಳು ಹಚ್ಚಿ, ಒಳಗೆ ಡ್ರೈವರ್ ಬೇಡ. ಹತ್ತಿರದಲ್ಲಿ ಬೇರೆ ಲಾರಿ ಬೇಡ.

ರಬ್ಬರಿನಂಥ ಚೈನ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಹಳೆಯ ಕಿಟ್‌ಗಳಲ್ಲಿ ಟ್ಯಾಂಕಿನ ಚೈನು ಮೆತ್ತಗಿನ ಪ್ಲಾಸ್ಟಿಕ್ಕಿನಲ್ಲಿ ಬರುತ್ತದೆ. ಎಷ್ಟೋ ಕಿಟ್‌ಗಳ ಈ ಚೈನು ವಿನೈಲ್. ಅದರಲ್ಲಿರುವ ಮೆದುಮಾಡುವ ರಾಸಾಯನಿಕ ನಿಧಾನವಾಗಿ ಹೊರಬಂದು, ಮುಟ್ಟಿದ ಕಡೆಯಲ್ಲೆಲ್ಲ ಗಟ್ಟಿ ಪ್ಲಾಸ್ಟಿಕ್ಕಿನ ಚಕ್ರವನ್ನು ಕರಗಿಸುತ್ತದೆ. ಚೈನು ಹಾಕುವ ಮೊದಲು ಚಕ್ರಗಳಿಗೆ ಎಲ್ಲ ಕಡೆ ಪ್ರೈಮರ್, ಬಣ್ಣ ಎರಡೂ ಹಚ್ಚಿ ಚೆನ್ನಾಗಿ ಒಣಗಿಸಿ, ನಡುವೆ ಒಂದು ಪದರ ಇದ್ದರೆ ಚಕ್ರ ಉಳಿಯುತ್ತದೆ. ನೇರವಾಗಿ ಎಳೆದು ಬಿಗಿದ ಚೈನು ಆಟಿಕೆಯ ಹಾಗೆ ಕಾಣುತ್ತದೆ, ನಿಜವಾದ್ದು ತನ್ನ ಭಾರಕ್ಕೆ ಮೇಲಿನ ಚಕ್ರಗಳ ಮೇಲೆ ಜೋತುಬೀಳುತ್ತದೆ. ಶೆರ್ಮನ್ನಿನಲ್ಲಿ ಟರ್ಪಾಲು ಆ ಭಾಗ ಮುಚ್ಚುತ್ತದೆ. ಟಿ-55ಕ್ಕೆ ಚೈನನ್ನು ಚಕ್ರದ ನೆತ್ತಿಗೆ ಅಂಟಿಸಲೇಬೇಕು, ಯಾಕೆಂದರೆ ಅದರಲ್ಲಿ ಮೇಲೆ ಬೇರೆ ಸಣ್ಣ ಚಕ್ರಗಳೇ ಇಲ್ಲ.

ಬಣ್ಣಕ್ಕೆ ಬಂದರೆ, ಪೆಟ್ಟಿಗೆಯಲ್ಲಿ ಹೇಳಿದ ಹಸಿರನ್ನು ಹಾಗೇ ಹಚ್ಚಬೇಡಿ. ಸಣ್ಣ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುತ್ತದೆ. ಸ್ವಲ್ಪ ಬಿಳಿ, ಒಂದು ತೊಟ್ಟು ಹಳದಿ ಬೆರೆಸಿ ಪೇಲವ ಮಾಡಿ. ಸೇನೆಯಲ್ಲೇ ಇರುವ ವಾಹನವಾದರೆ ನಂಬರ್ ಪ್ಲೇಟಿನಲ್ಲಿ ಮೊದಲು ಮೇಲ್ಮುಖದ ಬಾಣ ಬರುತ್ತದೆ, ಆಮೇಲೆ ವರ್ಷದ ಅಂಕಿ. ಹರಾಜಾದ ಲಾರಿಗೆ ಅದು ಇರಬಾರದು. ಧೂಳಿಗೆ ಅಂಗಡಿಯ ಪುಡಿ ಬೇಡ, ನಮ್ಮ ಮುರಕಲ್ಲಿನ ಪುಡಿಯೇ ಸಾಕು. ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಒಣ ಬ್ರಶ್ಶಿನಿಂದ ಹಚ್ಚಿ. ವ್ಯಾಗನ್ನಿಗೂ ಅದೇ, ಲಾರಿಗೂ ಅದೇ, ಹಳಿಯ ಬದಿಗೂ ಅದೇ. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಅಳತೆಯ ವಸ್ತುಗಳನ್ನು ಒಂದೇ ಊರಿನವು ಅನಿಸುವಂತೆ ಮಾಡುವುದು ಈ ಒಂದೇ ಬಣ್ಣದ ಧೂಳು. ಆದರೆ ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಇದೆ. ಪುಡಿಯನ್ನು ಕಾಗದದ ಮೇಲೆ ಹರಡಿ ಆಯಸ್ಕಾಂತ ಆಡಿಸಿ, ಅಂಟಿಕೊಂಡದ್ದನ್ನು ಎಸೆಯಿರಿ. ಇಲ್ಲದಿದ್ದರೆ ಎಂಜಿನ್ನಿನ ಮೋಟಾರು ಅದನ್ನು ಎಳೆದುಕೊಳ್ಳುತ್ತದೆ. ಸಮುದ್ರದ ಮರಳು ಬೇಡ, ಅದರಲ್ಲಿ ಉಪ್ಪೂ ಇದೆ, ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಣವೂ ಇದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮಾಡುವುದನ್ನು ಆದಷ್ಟು ತಪ್ಪಿಸಿ. ಗಾಳಿಯ ತೇವಕ್ಕೆ ಲ್ಯಾಕರ್ ಬಣ್ಣ ಬೆಳ್ಳಗೆ ಮಂಜಾಗುತ್ತದೆ. ಏರ್‌ಬ್ರಶ್ ಇದ್ದರೆ ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕದೆ ಮಳೆಗಾಲದಲ್ಲಿ ಶುರು ಮಾಡಲೇಬೇಡಿ. ಆ ನಾಲ್ಕು ತಿಂಗಳು ಕತ್ತರಿಸುವುದು, ಜೋಡಿಸುವುದು, ತೂಕ ಹಾಕುವುದು, ಇಳಿಜಾರು ಕಟ್ಟುವುದು ಮಾಡಿಕೊಳ್ಳಿ.

ಮುಂದೆ ನಿಜವಾದ ಮಿಲಿಟರಿ ರೈಲು, ಅಂದರೆ ಸಾಲಾಗಿ ಹತ್ತು ವ್ಯಾಗನ್, ಜೊತೆಗೆ ಸೈನಿಕರ ಬೋಗಿ ಎಲ್ಲ ಬೇಕು ಅನಿಸಿದರೆ ಆಗ ಈ ಯಾವ ಹೊಂದಾಣಿಕೆಯೂ ನಡೆಯುವುದಿಲ್ಲ, 1:87ಕ್ಕೇ ಹೋಗಬೇಕು. ಆಸ್ಟ್ರಿಯಾದ ರೋಕೋ ಕಂಪನಿ 1960ರಲ್ಲಿ ಶುರುವಾದದ್ದೇ ಮಿನಿಟ್ಯಾಂಕ್ಸ್ ಅನ್ನುವ 1:87ರ ಸಣ್ಣ ಟ್ಯಾಂಕುಗಳಿಂದ, ರೈಲು ಮಾಡಲು ಹೊರಟದ್ದು ಆಮೇಲೆ. ಮುಂದೆ ಅವು ಹರ್ಪಾ ಹೆಸರಿನಲ್ಲೂ ಬಂದವು. ಅದರಲ್ಲಿ ಜರ್ಮನ್ ಸೇನೆಯ ಮ್ಯಾನ್ 630 ಟ್ರಕ್ಕು ಸಿಕ್ಕರೆ ಬಿಡಬೇಡಿ. ನಮ್ಮ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಯೂ ಮ್ಯಾನ್ ಕಂಪನಿಯ ವಿನ್ಯಾಸದ್ದೇ, ಎರಡರ ಮುಖ ಅಣ್ಣತಮ್ಮಂದಿರ ಹಾಗಿದೆ. ಸ್ಟೇರಿಂಗನ್ನು ಎಡದಿಂದ ಬಲಕ್ಕೆ ಬದಲಿಸಿ, ಹಸಿರು ಬಣ್ಣ ಹಚ್ಚಿ, ಟಾಪು ಏರಿಸಿದರೆ ಒಂದು ಶಕ್ತಿಮಾನ್ ಸಾಲು ತಯಾರು. ಹಳೇ ಸ್ಟಾಕಿನಲ್ಲಿ ಅದು ಸಿಗುವವರೆಗೆ ಶೆರ್ಮನ್ನಿನ ಕೆಲಸ ಶುರು ಮಾಡಿ, ಮೊದಲು ಬರೇ ತಳವನ್ನು ಜೋಡಿಸಿ, ತೂಕ ಹಾಕಿ, ವ್ಯಾಗನ್ ಮೇಲೆ ಇಟ್ಟು ಪೂರ್ತಿ ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ಮೇಲಿನ ಭಾಗ ಅಂಟಿಸಿ.